ಮೂರು ಹಡಗಿಗೆ ಎಷ್ಟೆಷ್ಟು ಸ್ಪೀಡ್ ಕೊಡ್ಬೇಕು?

ಪ್ರಶ್ನೆ: ಸರ್, ನಾವು ಮೂವರು ಫ್ರೆಂಡ್ಸ್ ಸೇರ್ಕೊಂಡು ಕಡಲ್ಗಳ್ಳರ ಮಲ್ಟಿಪ್ಲೇಯರ್ ಗೇಮ್ ಮಾಡ್ತಿದೀವಿ. ಹಡಗು ಮೂರು ಥರ: ಒಬ್ರು ಇಬ್ರು ಓಡಿಸೋ ಸ್ಲೂಪ್, ಮೂರು ಜನದ ಬ್ರಿಗಂಟೈನ್, ನಾಲ್ಕು ಜನದ ಗ್ಯಾಲಿಯನ್. ಮೊದಲು ಸೆಕೆಂಡಿಗೆ 12, 11, 10 ಮೀಟರ್ ಅಂತ ಇಟ್ವಿ, ಎಲ್ರೂ ಸ್ಲೂಪೇ ತಗೊಂಡ್ರು, ಗ್ಯಾಲಿಯನ್ ಮುಟ್ಟೋರೇ ಇಲ್ಲ. ಉಲ್ಟಾ ಮಾಡಿ 10, 11, 12 ಇಟ್ವಿ, ಆಗ ಒಬ್ಬೊಬ್ರೇ ಆಡೋರು ತಪ್ಪಿಸ್ಕೊಳ್ಳೋಕೇ ಆಗಲ್ಲ ಅಂತ ಬಿಟ್ಟು ಹೋದ್ರು. ಕೊನೆಗೆ ಮೂರಕ್ಕೂ 11 ಕೊಟ್ವಿ, ಈಗ ಅಟ್ಟಿಸ್ಕೊಂಡು ಹೋಗೋದು ಮ್ಯಾಪಿನ ಅಂಚಿನವರೆಗೂ ನಡೆಯತ್ತೆ, ಯಾರೂ ಯಾರನ್ನೂ ಹಿಡಿಯಲ್ಲ. ಸರಿಯಾದ ನಂಬರ್ ಯಾವುದು? ಇನ್ನೊಂದು, ಗಾಳಿ ಬಿದ್ದುಹೋದಾಗ ಹುಟ್ಟು ಹಾಕೋ ಆಪ್ಶನ್ ಕೊಡೋದು ಒಳ್ಳೇದಾ?

ಉತ್ತರ: ನಿಮ್ಮ ಮೂರು ಪ್ರಯತ್ನಾನೂ ನೋಡೋಕೆ ಬೇರೆ ಬೇರೆ ಅನ್ಸತ್ತೆ, ಆದ್ರೆ ಒಳಗೆ ಮೂರೂ ಒಂದೇ. ಒಂದು ಹಡಗಿಗೆ ಒಂದು ನಂಬರ್ ಕೊಟ್ಟಿದೀರ, ಆ ನಂಬರ್ ಉತ್ತರಕ್ಕೆ ಹೋದ್ರೂ ಅದೇ ದಕ್ಷಿಣಕ್ಕೆ ಹೋದ್ರೂ ಅದೇ, ಗಾಳಿ ಅನ್ನೋದು ನಿಮ್ಮ ಗೇಮಲ್ಲಿ ಬರೀ ಸೌಂಡ್ ಎಫೆಕ್ಟ್ ಆಗಿ ಉಳಿದುಬಿಟ್ಟಿದೆ. ಹಾಗಿರೋವರೆಗೂ 12-11-10 ಅಲ್ಲ, ಇನ್ಯಾವ ಕಾಂಬಿನೇಶನ್ ಹಾಕಿದ್ರೂ ಇದು ಸರಿಹೋಗಲ್ಲ.

ಯಾಕೆ ಅಂದ್ರೆ ಇಂಥ ಗೇಮಲ್ಲಿ ಸ್ಪೀಡ್ ಅಂದ್ರೆ ಬೇಗ ತಲುಪೋದಷ್ಟೇ ಅಲ್ಲ, ಜಗಳ ಆಗ್ಬೇಕೋ ಬೇಡ್ವೋ ಅಂತ ತೀರ್ಮಾನ ಮಾಡೋ ಹಕ್ಕು. ಯಾರು ಫಾಸ್ಟೋ ಅವ್ರ ಕೈಲಿ ಆ ಹಕ್ಕು ಇರತ್ತೆ. ನಿಮ್ಮ ಮೊದಲನೇ ಸೆಟ್ಟಿಂಗಲ್ಲಿ ಸ್ಲೂಪಿನವನು ಗ್ಯಾಲಿಯನ್ ಹತ್ರ ಬರ್ತಾನೆ, ನಾಲ್ಕು ಗುಂಡು ಹೊಡೀತಾನೆ, ತನಗೆ ಏಟು ಬೀಳೋಕೆ ಶುರುವಾದ ತಕ್ಷಣ ಕಾಲ್ಕೀಳ್ತಾನೆ, ರಿಪೇರಿ ಮಾಡ್ಕೊಂಡು ಮತ್ತೆ ಬರ್ತಾನೆ, ಗ್ಯಾಲಿಯನ್ನಿನ ನಾಲ್ಕು ಜನ ಏನು ಮಾಡಿದ್ರೂ ಅವ್ನನ್ನ ಹಿಡಿಯೋಕಾಗಲ್ಲ. ಎರಡನೇ ಸೆಟ್ಟಿಂಗಲ್ಲಿ ಅದೇ ಕಥೆ, ಪಾತ್ರ ಮಾತ್ರ ಅದಲುಬದಲು, ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ. ಮೂರನೇದ್ರಲ್ಲಿ ಆ ಹಕ್ಕು ಯಾರ ಹತ್ರನೂ ಇಲ್ಲ, ಶುರುವಲ್ಲಿ 600 ಮೀಟರ್ ಗ್ಯಾಪ್ ಇದ್ರೆ ಅರ್ಧ ಗಂಟೆ ಆದ್ಮೇಲೂ 600 ಮೀಟರೇ. ಜನ ಬೋರ್ ಆಗಿ ಗೇಮ್ ಕ್ಲೋಸ್ ಮಾಡಿ ಹೋಗೋದ್ರಲ್ಲಿ ಆಶ್ಚರ್ಯ ಏನೂ ಇಲ್ಲ.

ಹಾಗಾಗಿ ಮೊದಲು ಸ್ಪೀಡ್ ಬಿಟ್ಟು ಟೈಮ್ ಲೆಕ್ಕ ಮಾಡಿ. ನಿಮ್ಮ ಗೇಮಲ್ಲಿ ಸಾಮಾನ್ಯವಾಗಿ 600 ಮೀಟರ್ ದೂರದಲ್ಲಿ ಚೇಸ್ ಶುರುವಾಗತ್ತೆ ಅಂತ ಇಟ್ಕೊಳ್ಳಿ, ಫಿರಂಗಿ ಸರಿಯಾಗಿ ತಾಗೋದು 200 ಮೀಟರ್ ಒಳಗೆ, 1500 ಮೀಟರ್ ದಾಟಿದ್ರೆ ಕಣ್ಣಿಗೆ ಬೀಳಲ್ಲ ಅಂದ್ರೆ ತಪ್ಪಿಸ್ಕೊಂಡ ಹಾಗೆ. ಹಿಡಿಯೋನು 400 ಮೀಟರ್ ಮುಚ್ಚಬೇಕು, ಓಡೋನು 900 ಮೀಟರ್ ಬಿಚ್ಚಬೇಕು. ಸ್ಪೀಡಿನ ವ್ಯತ್ಯಾಸ ಸೆಕೆಂಡಿಗೆ ಅರ್ಧ ಮೀಟರ್ ಇದ್ರೆ ಹಿಡಿಯೋಕೆ 800 ಸೆಕೆಂಡ್, ಅಂದ್ರೆ 13 ನಿಮಿಷದ ಮೇಲೆ. 1 ಮೀಟರ್ ಆದ್ರೆ 6 ನಿಮಿಷ 40 ಸೆಕೆಂಡ್, 2 ಮೀಟರ್ ಆದ್ರೆ 3 ನಿಮಿಷ 20 ಸೆಕೆಂಡ್. ಈಗ ನೀವು ಮೂವರು ಕೂತು ಕೇಳ್ಕೋಬೇಕಾದ ಪ್ರಶ್ನೆ ಏನಪ್ಪ ಅಂದ್ರೆ, ನಮ್ಮ ಗೇಮಲ್ಲಿ ಒಂದು ಚೇಸ್ ಎಷ್ಟು ಹೊತ್ತು ನಡೆದ್ರೆ ಮಜಾ? ನನ್ನ ಪ್ರಕಾರ 3ರಿಂದ 6 ನಿಮಿಷ, ಅದಕ್ಕಿಂತ ಕಮ್ಮಿ ಆದ್ರೆ ಓಡೋನಿಗೆ ಯೋಚನೆ ಮಾಡೋಕೇ ಟೈಮ್ ಸಿಗಲ್ಲ, ಜಾಸ್ತಿ ಆದ್ರೆ ಚುಕ್ಕಾಣಿ ಹಿಡಿದೋನು ಬಿಟ್ಟು ಉಳಿದವರಿಗೆ ಕೆಲಸ ಇರಲ್ಲ. ಈ ಟೈಮನ್ನ ಫಿಕ್ಸ್ ಮಾಡಿ ಹಿಂದಕ್ಕೆ ಲೆಕ್ಕ ಹಾಕಿದ್ರೆ ಸ್ಪೀಡಿನ ವ್ಯತ್ಯಾಸ ತಾನಾಗೇ ಬರತ್ತೆ.

ಆದ್ರೆ ಈ ವ್ಯತ್ಯಾಸ ಎಲ್ಲಾ ದಿಕ್ಕಲ್ಲೂ ಒಬ್ರ ಪರವಾಗೇ ಇರಬಾರ್ದು, ಅಸಲಿ ವಿಷಯ ಅದು. ಪ್ರತಿ ಹಡಗಿಗೂ ಗಾಳಿಯ ಒಂದು ದಿಕ್ಕಲ್ಲಿ ಅದೇ ರಾಜ ಅನ್ನೋ ಹಾಗಿರ್ಬೇಕು. 2018ರಲ್ಲಿ ಬಂದ ಸೀ ಆಫ್ ಥೀವ್ಸ್ ಆಡಿದ್ರೆ ನಿಮಗೆ ಇದು ಗೊತ್ತಿರತ್ತೆ: ಎದುರುಗಾಳಿಗೆ ಸ್ಲೂಪ್ ಮುಂದೆ, ಗಾಳಿ ಬೆನ್ನಿಗಿದ್ರೆ ಗ್ಯಾಲಿಯನ್ ಮುಂದೆ, ಪಕ್ಕದ ಗಾಳಿ ಬ್ರಿಗಂಟೈನ್‌ಗೆ. ಇದು ಆ ಗೇಮಿನವರು ಸುಮ್ನೆ ಹುಟ್ಟಿಸ್ಕೊಂಡ ರೂಲ್ ಅಲ್ಲ, ನಿಜವಾದ ಹಡಗುಗಳಲ್ಲೂ ಇದಕ್ಕೆ ಬುಡ ಇದೆ.

ಅಸಲಿ ಹಾಯಿಹಡಗಲ್ಲಿ ಅಡ್ಡ ಕಟ್ಟಿದ ಚೌಕಾಕಾರದ ಹಾಯಿ ಇದ್ರೆ ಅದು ಗಾಳಿಗೆ ಎದುರಾಗಿ ಜಾಸ್ತಿ ಹತ್ರ ಹೋಗೋಕಾಗಲ್ಲ, ಗಾಳಿ ಬರೋ ದಿಕ್ಕಿಂದ ಸುಮಾರು 67 ಡಿಗ್ರಿ ಓರೆಯಾಗಿ ಹೋದ್ರೆ ಅದೇ ದೊಡ್ಡದು. ಸ್ಲೂಪಿನ ಥರ ಹಡಗಿನ ಉದ್ದಕ್ಕೆ ಕಟ್ಟಿದ ಹಾಯಿ ಇದ್ರೆ 45-50 ಡಿಗ್ರಿವರೆಗೂ ಹೋಗತ್ತೆ. ಇನ್ನು ಗಾಳಿ ಹಿಂದಿಂದ ಬೀಸಿದಾಗ ದೊಡ್ಡ ಹಡಗಿಗೆ ಎರಡು ಲಾಭ. ಒಂದು, ಹಾಯಿಯ ಬಟ್ಟೆ ಬೇಕಾದಷ್ಟು. ಇನ್ನೊಂದು ತುಂಬಾ ಜನಕ್ಕೆ ಹೊಳೆಯಲ್ಲ, ನೀರಲ್ಲಿ ಉದ್ದ ಅಂದ್ರೇನೇ ಸ್ಪೀಡ್. ನೀರು ಮುಟ್ಟೋ ಜಾಗದಲ್ಲಿ ಹಡಗಿನ ಉದ್ದ ಅಡಿಯಲ್ಲಿ ಎಷ್ಟಿದೆಯೋ ಅದರ ವರ್ಗಮೂಲ ತಗೊಂಡು 1.34ರಿಂದ ಗುಣಿಸಿದ್ರೆ ಹೆಚ್ಚುಕಮ್ಮಿ ಎಷ್ಟು ನಾಟ್ (ಹಡಗಿನ ಸ್ಪೀಡಿನ ಅಳತೆ, ಒಂದು ನಾಟ್ ಅಂದ್ರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಹೋಗ್ಬಹುದು ಅಂತ ಸಿಗತ್ತೆ, ಅದಕ್ಕಿಂತ ಜೋರಾಗಿ ಹೋಗೋಕೆ ನೋಡಿದ್ರೆ ಹಡಗು ತಾನೇ ಎಬ್ಬಿಸಿದ ಅಲೆಯನ್ನ ಹತ್ತೋಕೆ ಒದ್ದಾಡತ್ತೆ. 36 ಅಡಿಗೆ 8 ನಾಟ್, 100 ಅಡಿಗೆ 13.4 ನಾಟ್. ಚಿಕ್ಕದು ಚುರುಕು, ದೊಡ್ಡದು ನಿಧಾನ ಅನ್ನೋ ನಂಬಿಕೆ ರೇಸಿಂಗ್ ಗೇಮಿಂದ ಬಂದಿರೋದು, ನೀರಲ್ಲಿ ಅದು ಅರ್ಧ ಮಾತ್ರ ನಿಜ. ಚಿಕ್ಕದು ಚುರುಕಾಗಿ ತಿರುಗತ್ತೆ, ಬೇಗ ಸ್ಪೀಡ್ ಹಿಡಿಯತ್ತೆ, ಆದ್ರೆ ನೆಟ್ಟಗೆ ಬಿಟ್ರೆ ದೊಡ್ಡದು ಮುಂದೆ ಹೋಗತ್ತೆ.

ಹಾಗಂತ ನಂಬರನ್ನ ನಿಜವಾದ ಹಡಗಿಂದ ತರೋಕೆ ಹೋಗ್ಬೇಡಿ. ನಿಮ್ಮ ಸೆಕೆಂಡಿಗೆ 12 ಮೀಟರ್ ಅಂದ್ರೆ 23 ನಾಟ್ ಮೇಲೆ, ಕಡಲ್ಗಳ್ಳರ ಕಾಲದ ಹಡಗು ಕನಸಲ್ಲೂ ಹೋಗದ ಸ್ಪೀಡು. ಅಸಲಿಗಿಂತ ಎಷ್ಟೋ ಜಾಸ್ತಿ ಈಗಾಗ್ಲೇ ಇಟ್ಟಿದೀರ, ಅದು ತಪ್ಪೇನಲ್ಲ, ಒಂದು ದ್ವೀಪದಿಂದ ಇನ್ನೊಂದಕ್ಕೆ ಮುಕ್ಕಾಲು ಗಂಟೆ ನೀರು ನೋಡ್ಕೊಂಡು ಕೂರೋಕೆ ಯಾರು ಬರ್ತಾರೆ. ನಿಜವಾದ ಹಡಗಿಂದ ತಗೋಬೇಕಾಗಿರೋದು ಕರ್ವಿನ ಆಕಾರ ಮಾತ್ರ, ಅಂದ್ರೆ ಗಾಳಿಯ ಕೋನ ಬದಲಾದ ಹಾಗೆ ಸ್ಪೀಡ್ ಹೇಗೆ ಏರಿಳಿಯತ್ತೆ ಅನ್ನೋದು.

ನಾನಾಗಿದ್ರೆ ಶುರುವಿಗೆ ಈ ಥರ ಇಡ್ತೀನಿ. ಕೋನ ಅಂದ್ರೆ ಗಾಳಿ ಬರೋ ದಿಕ್ಕಿಗೂ ಹಡಗಿನ ಮೂತಿಗೂ ನಡುವಿಂದು, ನಂಬರ್ ಎಲ್ಲಾ ಸೆಕೆಂಡಿಗೆ ಮೀಟರ್, ಕ್ರಮ ಸ್ಲೂಪ್, ಬ್ರಿಗಂಟೈನ್, ಗ್ಯಾಲಿಯನ್.

0 ಡಿಗ್ರಿ, ನೇರ ಎದುರುಗಾಳಿ: 5.5, 4.5, 3.5
45 ಡಿಗ್ರಿ: 7.5, 6, 4.5
90 ಡಿಗ್ರಿ, ಪಕ್ಕದ ಗಾಳಿ: 10, 11, 10
135 ಡಿಗ್ರಿ, ಓರೆಯಾಗಿ ಹಿಂದಿಂದ: 10.5, 11, 12
180 ಡಿಗ್ರಿ, ನೇರ ಬೆನ್ನಿಗೆ: 9.5, 10, 11.5

ಇದನ್ನ ಒಂದ್ಸಲ ಕೈಯಲ್ಲೇ ಆಡಿ ನೋಡಿ. ಗ್ಯಾಲಿಯನ್ ಸ್ಲೂಪನ್ನ ಅಟ್ಟಿಸ್ಕೊಂಡು ಬರ್ತಿದೆ, ಇಬ್ರ ಬೆನ್ನಿಗೂ ಗಾಳಿ ಇದೆ, ವ್ಯತ್ಯಾಸ 2 ಮೀಟರ್. ಸ್ಲೂಪಿನವನು ಏನೂ ಮಾಡದೆ ಹಾಗೇ ಓಡ್ತಿದ್ರೆ 3 ನಿಮಿಷ 20 ಸೆಕೆಂಡಿಗೆ ಫಿರಂಗಿ ರೇಂಜಿಗೆ ಸಿಕ್ಕಿಬೀಳ್ತಾನೆ. ಆದ್ರೆ ಅವ್ನು ಗಾಳಿ ಎಲ್ಲಿಂದ ಬರ್ತಿದೆ ಅಂತ ನೋಡಿ ಮೂತಿ ತಿರುಗಿಸಿ 45 ಡಿಗ್ರಿಗೆ ಬಂದ ಅಂದ್ರೆ ಆಟ ಉಲ್ಟಾ, ಈಗ ಅವ್ನು 3 ಮೀಟರ್ ಫಾಸ್ಟು, 900 ಮೀಟರ್ ಬಿಚ್ಚೋಕೆ 5 ನಿಮಿಷ ಸಾಕು. ಆದ್ರೆ ತಿರುಗಿಸೋ ಆ ಹೊತ್ತಲ್ಲಿ ಅವ್ನು ಗ್ಯಾಲಿಯನ್‌ಗೆ ಹತ್ರ ಆಗೇ ಆಗ್ತಾನೆ, ಒಂದು ಸುತ್ತು ಗುಂಡು ತಿನ್ನೋ ರಿಸ್ಕ್ ಇದೆ. ಎಷ್ಟು ಬೇಗ ನಿರ್ಧಾರ ಮಾಡಿದ್ನೋ ಅಷ್ಟು ಕಮ್ಮಿ ಏಟು. ಅತ್ಲಾಗೆ ಗ್ಯಾಲಿಯನ್ನಿನ ಕ್ಯಾಪ್ಟನ್‌ಗೆ ತಲೆ ಇದ್ರೆ ಹಿಂದಿಂದ ನೇರ ಬರಲ್ಲ, ಸ್ಲೂಪ್ ಯಾವ ಕಡೆ ತಿರುಗಿದ್ರೆ ಗಾಳಿಗೆ ಎದುರಾಗತ್ತೋ ಆ ಬಾಗಿಲನ್ನೇ ಮೊದಲು ಮುಚ್ಕೊಂಡು ಬರ್ತಾನೆ. ನೋಡಿ, ಈಗ ಚೇಸಲ್ಲಿ ಎರಡೂ ಕಡೆ ಯೋಚನೆ ಬಂತು. ನಿಮ್ಮ 11-11-11ರಲ್ಲಿ ಇಲ್ದೇ ಇದ್ದಿದ್ದು ಇದೇ.

180ಕ್ಕಿಂತ 135ರಲ್ಲಿ ಮೂರೂ ಹಡಗಿಗೆ ಸ್ಪೀಡ್ ಜಾಸ್ತಿ ಇಟ್ಟಿದೀನಲ್ಲ, ಅದು ಟೈಪ್ ಮಾಡೋವಾಗ ಆದ ಎಡವಟ್ಟಲ್ಲ. ಗಾಳಿ ನೇರ ಬೆನ್ನಿಗೆ ಬಿದ್ರೆ ಹಿಂದಿನ ಕಂಬದ ಹಾಯಿ ಮುಂದಿನ ಹಾಯಿಗಳ ಗಾಳಿಯನ್ನ ಮರೆ ಮಾಡತ್ತೆ, ಸ್ವಲ್ಪ ಓರೆ ಆದ್ರೆ ಎಲ್ಲಾ ಹಾಯಿಗೂ ಗಾಳಿ ಸಿಗತ್ತೆ. ಗೇಮಿಗೂ ಇದು ಒಳ್ಳೇದು, ಹೊಸಬ ನೇರ ಬೆನ್ನಿಗೆ ಗಾಳಿ ಹಿಡ್ಕೊಂಡು ಹೋಗ್ತಾನೆ, ಪಳಗಿದವನು ಸ್ವಲ್ಪ ಓರೆ ಹಿಡೀತಾನೆ.

ಬ್ರಿಗಂಟೈನ್ ಪಾಪ, ಅದಕ್ಕೆ ಸಿಕ್ಕಿರೋದು ಪಕ್ಕದ ಗಾಳಿಯ 1 ಮೀಟರ್ ಮಾತ್ರ, ಅದ್ರಲ್ಲಿ ಯಾರನ್ನಾದ್ರೂ ಹಿಡಿಯೋಕೆ 6 ನಿಮಿಷ 40 ಸೆಕೆಂಡ್ ಬೇಕು. ಇದು ಬೇಕಂತಲೇ ಮಾಡಿರೋದು. ನಡುವಿನ ಹಡಗಿಗೆ ಸ್ಪೀಡಲ್ಲೂ ದೊಡ್ಡ ಪಾಲು ಕೊಟ್ರೆ ಅದೇ ಎಲ್ರ ಡೀಫಾಲ್ಟ್ ಆಗ್ಬಿಡತ್ತೆ, ಅದಕ್ಕೆ ಫಿರಂಗಿ ಅಥವಾ ತಿರುಗೋ ಚುರುಕಲ್ಲಿ ಏನಾದ್ರೂ ಕೊಟ್ಟು ಸರಿದೂಗಿಸಿ.

ನೇರ ಎದುರುಗಾಳಿಗೆ ಹೋಗೋಕೇ ಬಿಡಬಾರ್ದು, ಅಂಕುಡೊಂಕಾಗೇ ಹೋಗ್ಲಿ, ಅದೇ ರಿಯಲಿಸ್ಟಿಕ್ ಅಂತ ಟೀಮಲ್ಲಿ ಒಬ್ರು ಹೇಳೇ ಹೇಳ್ತಾರೆ. ನಾನು ಬೇಡ ಅಂತೀನಿ. ಮೊದಲ ಸಲ ಆಡೋನು ಹಾಯಿ ಬಿಚ್ಚಿ ಹಡಗು ನಿಂತಲ್ಲೇ ನಿಂತ್ರೆ ಗೇಮ್ ಕೆಟ್ಟಿದೆ ಅನ್ಕೋತಾನೆ. ನಿಧಾನಕ್ಕಾದ್ರೂ ಹೋಗ್ಲಿ ಬಿಡಿ. ಮೇಲಿನ ನಂಬರುಗಳ ನಡುವೆ ನೇರ ಗೆರೆ ಎಳೆದ್ರೆ ಸ್ಲೂಪ್ ನೇರ ಎದುರಿಗೆ 5.5ರಲ್ಲಿ ಹೋಗತ್ತೆ, ಅದೇ ಸುಮಾರು 25 ಡಿಗ್ರಿ ಓರೆ ಹಿಡಿದು ಅಂಕುಡೊಂಕಾಗಿ ಹೋದ್ರೆ ಗಾಳಿಯ ಕಡೆಗೆ ಸೆಕೆಂಡಿಗೆ ಹತ್ತಿರತ್ತಿರ 6 ಮೀಟರ್ ಸಾಗತ್ತೆ. ಗೊತ್ತಿರೋನಿಗೆ ಸಣ್ಣ ಲಾಭ, ಗೊತ್ತಿಲ್ದೋನಿಗೆ ಶಿಕ್ಷೆ ಇಲ್ಲ, ಅಷ್ಟು ಸಾಕು. ಕರ್ವಲ್ಲಿ ಎಲ್ಲೂ ದಿಢೀರ್ ಮೆಟ್ಟಿಲು ಮಾತ್ರ ಇರಬಾರ್ದು, 44 ಡಿಗ್ರಿಗೂ 46 ಡಿಗ್ರಿಗೂ 2 ಮೀಟರ್ ವ್ಯತ್ಯಾಸ ಇದ್ರೆ ಒಂದು ವಾರದೊಳಗೆ ಎಲ್ರೂ ಆ ಒಂದೇ ಕೋನದಲ್ಲಿ ಹಡಗು ಓಡಿಸ್ತಿರ್ತಾರೆ.

ಗಾಳಿಯ ಮೇಲೆ ಇಷ್ಟು ಭಾರ ಹಾಕಿದ್ಮೇಲೆ ಗಾಳಿ ಬದಲಾಗ್ಲೇಬೇಕು. ಯಾವಾಗ್ಲೂ ಪಶ್ಚಿಮದಿಂದಲೇ ಬೀಸ್ತಿದ್ರೆ ಮ್ಯಾಪಿನ ಪಶ್ಚಿಮದ ಕಡೆ ಸ್ಲೂಪಿನವರ ಅಡ್ಡಾ ಆಗತ್ತೆ, ಪೂರ್ವ ಗ್ಯಾಲಿಯನ್‌ದು, ಆಮೇಲೆ ಯಾವ ದ್ವೀಪಕ್ಕೆ ಯಾರು ಹೋಗ್ಬೇಕು ಅನ್ನೋದು ಆಟಕ್ಕೆ ಮೊದಲೇ ನಿಗದಿ. ಒಂದು ಚೇಸ್ 5 ನಿಮಿಷ ಅಂದ್ರೆ ಗಾಳಿ 8-10 ನಿಮಿಷಕ್ಕೊಂದ್ಸಲ ತಿರುಗಲಿ, ಆಗ ಕೆಲವು ಚೇಸ್ ಮಧ್ಯದಲ್ಲೇ ಅದೃಷ್ಟ ತಲೆಕೆಳಗಾಗತ್ತೆ, ಎಲ್ಲದರಲ್ಲೂ ಅಲ್ಲ. ತಿರುಗೋದು ಮಾತ್ರ 30-40 ಸೆಕೆಂಡ್ ತಗೊಂಡು ಮೆತ್ತಗೆ ಆಗ್ಲಿ, ಮುಂಚೆನೇ ಮೋಡದಲ್ಲೋ ಬಾವುಟದಲ್ಲೋ ಸುಳಿವು ಸಿಗ್ಲಿ, ಇಲ್ಲಾಂದ್ರೆ ಸರ್ವರ್ ತಮಗೆ ಮೋಸ ಮಾಡ್ತು ಅಂತ ಬೈತಾರೆ. ಮ್ಯಾಪಿನ ಅಂಚಿನ ಬಗ್ಗೆನೂ ಯೋಚಿಸಿ, ಎದುರುಗಾಳಿಗೆ ಓಡಿ ತಪ್ಪಿಸ್ಕೊಳ್ಳೋನು 3 ನಿಮಿಷದಲ್ಲಿ ಗೋಡೆಗೆ ಬಡಿದ್ರೆ ನೀವು ಕೊಟ್ಟ ಆ 3 ಮೀಟರ್ ಅನುಕೂಲ ಕಾಗದದ ಮೇಲಷ್ಟೇ. ಅಂಚಿನ ಹತ್ರ ಇರೋ ಹಡಗಿಗೆ ಗಾಳಿ ಮ್ಯಾಪಿನ ಒಳಗಡೆಯಿಂದ ಬೀಸೋ ಹಾಗೆ ಮಾಡೋದು ಒಂದು ಉಪಾಯ, ಆಗ ಎದುರುಗಾಳಿ ಹುಡ್ಕೊಂಡು ಓಡೋನು ತಾನಾಗೇ ನಡುವಿನ ಕಡೆ ಬರ್ತಾನೆ.

ಈಗ ಟಾಪ್ ಸ್ಪೀಡ್ ಬಿಟ್ಟು ಬೇರೆ ವಿಷಯಕ್ಕೆ ಬರೋಣ, ಯಾಕಂದ್ರೆ ಬ್ಯಾಲೆನ್ಸ್ ಕೈಕೊಡೋದು ಜಾಸ್ತಿ ಅಲ್ಲೇ. ನಿಮ್ಮ ಹಡಗು ಹೇಗೆ ಸ್ಪೀಡ್ ಹಿಡಿಯತ್ತೆ? ಹಾಯಿ ಬಿಚ್ಚಿದ ತಕ್ಷಣ 11ಕ್ಕೆ ಹಾರತ್ತೆ ಅಂದ್ರೆ ಅದನ್ನ ಮೊದಲು ಕಿತ್ತು ಹಾಕಿ. ನೀರಿನ ತಡೆ ಸ್ಪೀಡಿನ ವರ್ಗಕ್ಕೆ ತಕ್ಕಂತೆ ಏರತ್ತೆ ಅಂತ ಇಟ್ಟು, ಟೇಬಲಲ್ಲಿರೋ ಸ್ಪೀಡಿಗೆ ಬೇಕಾದ ಬಲವನ್ನ ಲೆಕ್ಕ ಮಾಡಿ ಹಾಯಿ ಅಷ್ಟು ಬಲ ಕೊಡೋ ಹಾಗೆ ಮಾಡಿ. ಆಗ ಪ್ರತಿ ಹಡಗಿಗೂ ಒಂದು ಟೈಮ್ ಸಿಗತ್ತೆ, ನಿಂತಲ್ಲಿಂದ ಹೊರಟು ಅಷ್ಟು ಟೈಮಾದಾಗ ಟಾಪ್ ಸ್ಪೀಡಿನ 76 ಪರ್ಸೆಂಟ್, ಎರಡರಷ್ಟು ಟೈಮಾದಾಗ 96 ಪರ್ಸೆಂಟ್. ಸ್ಲೂಪಿಗೆ ಇದನ್ನ 5 ಸೆಕೆಂಡ್, ಬ್ರಿಗಂಟೈನ್‌ಗೆ 9, ಗ್ಯಾಲಿಯನ್‌ಗೆ 16 ಇಟ್ರೆ ಏನಾಗತ್ತೆ ಗೊತ್ತಾ, ಲಂಗರು ಎತ್ತಿ 135 ಡಿಗ್ರಿಗೆ ಹೊರಡೋವಾಗ ಮೊದಲಿಂದಲೇ ಟಾಪ್ ಸ್ಪೀಡಲ್ಲಿ ಹೋಗಿದ್ರೆ ಸಾಗ್ತಿದ್ದ ದೂರಕ್ಕಿಂತ ಗ್ಯಾಲಿಯನ್ ಸ್ಪೀಡ್ ಹಿಡಿಯೋದ್ರಲ್ಲೇ ಸುಮಾರು 133 ಮೀಟರ್ ಕಳ್ಕೊಳ್ಳತ್ತೆ, ಸ್ಲೂಪ್ ಕಳ್ಕೊಳ್ಳೋದು 36 ಮೀಟರ್. ಅಂದ್ರೆ ಟಾಪ್ ಸ್ಪೀಡಿನ ನಂಬರ್ ಬದಲಾಯಿಸದೇನೇ ಚಿಕ್ಕ ಹಡಗಿಗೆ ಹತ್ತಿರತ್ತಿರ 100 ಮೀಟರ್ ಅನುಕೂಲ ಕೊಟ್ಟ ಹಾಗಾಯ್ತು. ದ್ವೀಪದ ಹತ್ರ ನಿಂತಿದ್ದ ಒಬ್ಬಂಟಿ ಆಟಗಾರ ದೂರದಲ್ಲಿ ದೊಡ್ಡ ಹಾಯಿ ಕಂಡ ತಕ್ಷಣ ಹೊರಟ್ರೆ ಬದುಕ್ತಾನೆ.

ಅಪ್‌ಗ್ರೇಡ್ ಇಡ್ತೀರಾದ್ರೆ ಈ ಬಲದ ಲೆಕ್ಕ ನಿಮ್ಮನ್ನ ಕಾಪಾಡತ್ತೆ. 5 ಪರ್ಸೆಂಟಿನ ನಾಲ್ಕು ಅಪ್‌ಗ್ರೇಡನ್ನ ನೇರ ಸ್ಪೀಡಿಗೆ ಗುಣಿಸಿದ್ರೆ ಒಟ್ಟು 21.5 ಪರ್ಸೆಂಟ್ ಏರತ್ತೆ, ಸ್ಲೂಪಿನ 9.5 ಹೋಗಿ 11.5 ಆಗತ್ತೆ, ಅಂದ್ರೆ ಗಾಳಿ ಬೆನ್ನಿಗಿದ್ದಾಗ ಗ್ಯಾಲಿಯನ್‌ಗೆ ಸಮ. ಇಷ್ಟೊತ್ತು ಕೂತು ಮಾಡಿದ ಟೇಬಲ್ ಎಲ್ಲಾ ನೀರಲ್ಲಿ ಹೋಮ. ಅದೇ ಅಪ್‌ಗ್ರೇಡನ್ನ ಹಾಯಿಯ ಬಲಕ್ಕೆ ಗುಣಿಸಿದ್ರೆ ಸ್ಪೀಡ್ ಏರೋದು ವರ್ಗಮೂಲದಷ್ಟು, 10 ಪರ್ಸೆಂಟ್ ಚಿಲ್ಲರೆ, ಸ್ಲೂಪ್ 10.5ರ ಹತ್ರ ನಿಲ್ಲತ್ತೆ. ದುಡ್ಡು ಕೊಟ್ಟು ತಗೊಳ್ಳೋ ಹಾಯಿಗೆ ಸ್ಪೀಡ್ ಸೇರಿಸೋ ಐಡಿಯಾ ಯಾರಾದ್ರೂ ತಂದ್ರೆ ದಯವಿಟ್ಟು ಬೇಡ ಅನ್ನಿ, ಬಣ್ಣ ಮಾರಿ, ಚಿತ್ರ ಮಾರಿ, ಸ್ಪೀಡ್ ಮಾರ್ಬೇಡಿ.

ತಿರುಗೋದು. 10 ಮೀಟರ್ ಸ್ಪೀಡಲ್ಲಿರೋ ಸ್ಲೂಪ್ ಸೆಕೆಂಡಿಗೆ 8 ಡಿಗ್ರಿ ತಿರುಗಿದ್ರೆ ಸುಮಾರು 72 ಮೀಟರ್ ತ್ರಿಜ್ಯದ ವೃತ್ತ ಹೊಡೆಯತ್ತೆ, 12ರಲ್ಲಿರೋ ಗ್ಯಾಲಿಯನ್ 3.5 ಡಿಗ್ರಿ ತಿರುಗಿದ್ರೆ 196 ಮೀಟರ್. ಪೂರ್ತಿ ಹಿಂದಕ್ಕೆ ತಿರುಗೋಕೆ ಒಂದಕ್ಕೆ 22 ಸೆಕೆಂಡ್ ಚಿಲ್ಲರೆ, ಇನ್ನೊಂದಕ್ಕೆ 51. ಮಧ್ಯದಲ್ಲಿ ಒಂದು ಸಣ್ಣ ದ್ವೀಪನೋ ಬಂಡೆನೋ ಇದ್ರೆ ಸ್ಲೂಪಿನವನು ಅದನ್ನ ಸುತ್ತಿ ಸುತ್ತಿ ಸತಾಯಿಸ್ತಾನೆ, ಹಾಗಾಗಿ ಟಾಪ್ ಸ್ಪೀಡಲ್ಲಿ ಗ್ಯಾಲಿಯನ್‌ಗೆ ಸ್ವಲ್ಪ ಧಾರಾಳವಾಗಿ ಕೊಟ್ರೂ ಭಯ ಇಲ್ಲ, ದ್ವೀಪಗಳೇ ಅದರ ಕೈ ಕಟ್ಟತ್ವೆ. ತೆರೆದ ಸಮುದ್ರ ಜಾಸ್ತಿ ಇರೋ ಮ್ಯಾಪಿಗೂ ದ್ವೀಪ ಒತ್ತೊತ್ತಾಗಿರೋ ಮ್ಯಾಪಿಗೂ ಒಂದೇ ಟೇಬಲ್ ನಡೆಯಲ್ಲ ಅಂತ ನಾನು ಹೇಳೋದು ಇದಕ್ಕೇ.

ಇನ್ನೊಂದು ಯಾರೂ ಲೆಕ್ಕಕ್ಕೆ ತಗೊಳ್ದೇ ಇರೋದು, ಗುಂಡು ಹೊಡೆಯೋಕೆ ಆಗೋ ಖರ್ಚು. ನಿಮ್ಮ ಫಿರಂಗಿ ಹಡಗಿನ ಪಕ್ಕದಲ್ಲಿ ಮಾತ್ರ ಇದ್ರೆ ಅಟ್ಟಿಸ್ಕೊಂಡು ಹೋಗೋನು ಹೊಡೆಯೋಕೆ ಓರೆಯಾಗ್ಲೇಬೇಕು. 12 ಮೀಟರ್ ಸ್ಪೀಡಲ್ಲಿ 60 ಡಿಗ್ರಿ ಓರೆಯಾಗಿ 8 ಸೆಕೆಂಡ್ ಇದ್ದ ಅಂದ್ರೆ ಮುಂದಕ್ಕೆ ಹೋಗೋ ಲೆಕ್ಕದಲ್ಲಿ 48 ಮೀಟರ್ ಹಿಂದೆ ಬಿದ್ದ, ತಿರುಗೋಕೆ ಹೋದ ಟೈಮ್ ಬೇರೆ. ವ್ಯತ್ಯಾಸ 2 ಮೀಟರ್ ಇದ್ರೆ ಅದನ್ನ ಮತ್ತೆ ಗಳಿಸೋಕೆ 24 ಸೆಕೆಂಡ್, ಅರ್ಧ ಮೀಟರ್ ಇದ್ರೆ ಒಂದೂವರೆ ನಿಮಿಷದ ಮೇಲೆ. ಅಂದ್ರೆ ಸಣ್ಣ ವ್ಯತ್ಯಾಸ ಇದ್ರೆ ಒಂದು ಸಲ ಗುಂಡು ಹೊಡೆದ ತಪ್ಪಿಗೆ ಬೇಟೆ ಕೈ ತಪ್ಪತ್ತೆ. ಮೂತಿಯಲ್ಲಿ ಒಂದು ಸಣ್ಣ ಫಿರಂಗಿ ಕೊಟ್ಟು ನೋಡಿ, ಸ್ಪೀಡ್ ನಂಬರ್ ಒಂದನ್ನೂ ಮುಟ್ಟದೆ ಚೇಸಿನ ರುಚಿನೇ ಬದಲಾಗತ್ತೆ. ಹಿಂಭಾಗದಲ್ಲೂ ಒಂದು ಕೊಟ್ರೆ ಓಡೋನಿಗೂ ಕೈಗೆ ಕೆಲಸ.

ಏಟು ತಿಂದ ಹಡಗು ನಿಧಾನ ಆಗ್ಬೇಕಾ? ಆಗ್ಬೇಕು, ಆದ್ರೆ ಹುಷಾರು. ನಿಧಾನ ಆದೋನಿಗೆ ಇನ್ನೂ ಜಾಸ್ತಿ ಏಟು ಬೀಳತ್ತೆ, ಆಗ ಇನ್ನೂ ನಿಧಾನ, ಮೊದಲನೇ ಗುಂಡು ತಾಗಿದವನು ಸತ್ತ ಅಂತಲೇ ಲೆಕ್ಕ. ಒಟ್ಟು ಇಳಿತ 25-30 ಪರ್ಸೆಂಟ್ ದಾಟದ ಹಾಗೆ ಮಿತಿ ಹಾಕಿ, ರಿಪೇರಿ ಮಾಡಿದ ತಕ್ಷಣ ಸ್ಪೀಡ್ ವಾಪಸ್ ಬರ್ಲಿ. ನಿಧಿ ತುಂಬಿದ ಹಡಗು ಭಾರಕ್ಕೆ ನಿಧಾನ ಆಗೋದು ಕೇಳೋಕೆ ಚೆನ್ನಾಗಿದೆ, ಆದ್ರೆ ಎರಡು ಗಂಟೆ ಕಷ್ಟಪಟ್ಟು ಗಳಿಸಿದವನಿಗೇ ಶಿಕ್ಷೆ ಕೊಟ್ಟ ಹಾಗೆ, ನಾನಂತೂ ಇಡಲ್ಲ. ತಳಕ್ಕೆ ಪಾಚಿ, ಚಿಪ್ಪು ಹತ್ತಿ ಹಡಗು ನಿಧಾನ ಆಗೋದೂ ಅಷ್ಟೇ. ಆಗಿನ ಕಡಲ್ಗಳ್ಳರಿಗೆ ಅದು ದೊಡ್ಡ ತಲೆನೋವು, ಯಾವುದೋ ಮರೆಯ ದಡದಲ್ಲಿ ಹಡಗನ್ನ ಮಗ್ಗುಲಾಗಿಸಿ ತಳ ಕೆರೆದು ಸುಟ್ಟು ಕ್ಲೀನ್ ಮಾಡ್ತಿದ್ರು, ಬ್ರಿಟಿಷ್ ನೌಕಾಪಡೆ ತಳಕ್ಕೆ ತಾಮ್ರದ ತಗಡು ಹೊಡೆಯೋದನ್ನ 1761ರಲ್ಲಿ ಒಂದು ಹಡಗಲ್ಲಿ ಟ್ರೈ ಮಾಡಿ ಪೂರ್ತಿ ಪಡೆಗೆ ಹಾಕ್ಸಿದ್ದು 1780ರ ಆಸುಪಾಸಲ್ಲಿ. ಓದೋಕೆ ಮಜಾ, ಆಡೋಕೆ ಬೋರು.

ಜನ ಕಮ್ಮಿ ಇರೋ ಗ್ಯಾಲಿಯನ್‌ಗೆ ಸ್ಪೀಡ್ ಕಟ್ ಮಾಡ್ಬೇಕಾ ಅಂತ ಮುಂದೆ ತಲೆಗೆ ಬರತ್ತೆ. ಬೇಡ. ಮೂರು ಕಂಬದ ಹಾಯಿ ಒಂದೊಂದನ್ನೂ ಕೈಯಾರೆ ತಿರುಗಿಸ್ಬೇಕು ಅಂತ ಇದ್ರೆ ಇಬ್ರೇ ಇರೋರು ಗಾಳಿ ಬದಲಾದಾಗ ಓಡಾಡಿ ಓಡಾಡಿ ಸುಸ್ತಾಗ್ತಾರೆ, ಹಾಯಿ ಸರಿ ಇಲ್ಲದೆ ಸ್ಪೀಡ್ ತಾನೇ ಬೀಳತ್ತೆ. ಆದ್ರೆ ಅದಕ್ಕೆ ಹಾಯಿಯ ಕೋನ ನಿಜವಾಗ್ಲೂ ಲೆಕ್ಕಕ್ಕೆ ಬರ್ಬೇಕು, ಸರಿಯಾಗಿ ತಿರುಗಿಸಿದ್ರೆ ಪೂರ್ತಿ, ಕೆಟ್ಟದಾಗಿದ್ರೆ ಮುಕ್ಕಾಲು.

ಸರ್ವರ್ ಬಗ್ಗೆ ಎರಡೇ ಮಾತು. ಸ್ಪೀಡ್ ಲೆಕ್ಕ ಸರ್ವರಲ್ಲೇ ಆಗ್ಲಿ, ಆಟಗಾರನ ಕಂಪ್ಯೂಟರ್ ಕಳಿಸ್ಬೇಕಾದ್ದು ಚುಕ್ಕಾಣಿ ಎಷ್ಟು, ಹಾಯಿ ಎಷ್ಟು ಅನ್ನೋದನ್ನ ಮಾತ್ರ, ತಾನು ಎಲ್ಲಿದೀನಿ ಅನ್ನೋದನ್ನ ಅಲ್ಲ. ಮತ್ತೆ ಲೆಕ್ಕದ ಹೆಜ್ಜೆ ಫಿಕ್ಸ್ ಆಗಿರ್ಲಿ, ಸೆಕೆಂಡಿಗೆ 20 ಸಲ ಅಂದ್ರೆ 20 ಸಲ, ಫ್ರೇಮ್ ರೇಟಿಗೆ (ಸೆಕೆಂಡಿಗೆ ಪರದೆ ಮೇಲೆ ಎಷ್ಟು ಸಲ ಚಿತ್ರ ಬದಲಾಗತ್ತೆ ಅನ್ನೋದಕ್ಕೆ) ಗಂಟು ಹಾಕಿದ್ರೆ ಒಳ್ಳೇ ಕಂಪ್ಯೂಟರ್ ಇರೋನ ಹಡಗು ಬೇರೆ ಸ್ಪೀಡಲ್ಲಿ ಹೋಗತ್ತೆ, ನೀವು ಮಾತ್ರ ಬ್ಯಾಲೆನ್ಸ್ ಟೇಬಲಲ್ಲಿ ತಪ್ಪು ಹುಡುಕ್ತಾ ಕೂತಿರ್ತೀರ. ಲ್ಯಾಗ್‌ಗೆ, ಅಂದ್ರೆ ನೆಟ್‌ವರ್ಕಲ್ಲಿ ಆಗೋ ತಡಕ್ಕೆ, ಹೆದರಬೇಡಿ, 12 ಮೀಟರ್ ಸ್ಪೀಡಲ್ಲಿ 150 ಮಿಲಿಸೆಕೆಂಡ್ ಅಂದ್ರೆ 1.8 ಮೀಟರ್, ಹಡಗಿನ ಉದ್ದದ ಮುಂದೆ ಅದು ಏನೂ ಅಲ್ಲ, ಹಡಗು ದಿಢೀರ್ ಅಂತ ದಿಕ್ಕು ಬದಲಾಯಿಸಲ್ಲ ಆದ್ರಿಂದ ಮುಂದೆ ಎಲ್ಲಿರತ್ತೆ ಅಂತ ಊಹಿಸೋದೂ ಸುಲಭ.

ಟೆಸ್ಟ್ ಮಾಡೋದಕ್ಕೆ ಆಟಗಾರರಿಗಿಂತ ಮುಂಚೆ ಬಾಟ್‌ಗಳನ್ನ (ಕಂಪ್ಯೂಟರೇ ಓಡಿಸೋ ಹಡಗುಗಳನ್ನ) ಬಿಡಿ. ಒಂದು ಓಡ್ಲಿ ಒಂದು ಅಟ್ಟಿಸ್ಲಿ, 600 ಮೀಟರಿಂದ ಶುರು, ಗಾಳಿಯ ಕೋನ 15 ಡಿಗ್ರಿಗೊಂದು ಬದಲಾಯಿಸ್ತಾ, ಹಡಗಿನ ಎಲ್ಲಾ ಜೋಡಿಗೂ. ಒಂದು ರಾತ್ರಿಯಲ್ಲಿ ಮುಗಿಯೋ ಕೆಲಸ, ಯಾವ ಜೋಡಿ ಯಾವ ದಿಕ್ಕಲ್ಲಿ ಅನಂತಕಾಲ ಓಡತ್ತೆ ಅಂತ ಬೆಳಿಗ್ಗೆ ಪಟ್ಟಿ ಸಿಗತ್ತೆ. ಆಮೇಲೆ ಜನರನ್ನ ಬಿಟ್ಟಾಗ ಪ್ರತಿ ಚೇಸನ್ನ ದಾಖಲು ಮಾಡಿ: ಎರಡು ಹಡಗು 800 ಮೀಟರ್ ಒಳಗೆ, ಹೆಚ್ಚುಕಮ್ಮಿ ಒಂದೇ ದಿಕ್ಕಲ್ಲಿ, ಒಂದು ನಿಮಿಷ ಹೋದ್ರೆ ಅದು ಚೇಸ್. ಎಷ್ಟೊತ್ತು ನಡೀತು, ಗಾಳಿ ಯಾವ ಕಡೆ ಇತ್ತು, ಕೊನೆಗೆ ಜಗಳ ಆಯ್ತಾ, ತಪ್ಪಿಸ್ಕೊಂಡ್ನಾ, ಇಲ್ಲಾ ಗೇಮ್ ಬಿಟ್ಟು ಹೋದ್ನಾ. ಈ ಕೊನೇದೇ ಮುಖ್ಯ. ಯಾವ ಹಡಗು ಎಷ್ಟು ಗೆಲ್ತು ಅನ್ನೋದೊಂದನ್ನೇ ನಂಬಿ ನಂಬರ್ ತಿದ್ದಬೇಡಿ, ಸ್ಲೂಪ್ ಕಮ್ಮಿ ಮುಳುಗ್ತಿದೆ ಅಂದ್ರೆ ಅದು ಬಲಶಾಲಿ ಅಂತ ಆಗಲ್ಲ, ಅದ್ರಲ್ಲಿರೋರು ಜಗಳಕ್ಕೇ ಬರ್ತಿಲ್ಲ ಅಂತಲೂ ಇರ್ಬಹುದು. ತಿದ್ದೋವಾಗ ಒಂದ್ಸಲಕ್ಕೆ ಒಂದೇ ಹಡಗು, 2-3 ಪರ್ಸೆಂಟ್, ನೀವು ಮಾಡಿದ ಹಾಗೆ ರಾತ್ರೋರಾತ್ರಿ 10ನ್ನ 12 ಮಾಡೋದಲ್ಲ.

ಇನ್ನು ಹುಟ್ಟು. ಕೊಡಿ, ಸ್ಲೂಪಿಗೆ ಮಾತ್ರ. ಹೆಸರುವಾಸಿ ಕಡಲ್ಗಳ್ಳ ಬ್ಲ್ಯಾಕ್‌ಬಿಯರ್ಡ್‌ನ 1718ರ ನವೆಂಬರ್ 22ರಂದು ಅಮೆರಿಕದ ನಾರ್ತ್ ಕೆರೊಲಿನಾ ತೀರದ ಓಕ್ರಕೋಕ್ ದ್ವೀಪದ ಹತ್ರ ಮುಗಿಸಿದ್ದು ದೊಡ್ಡ ಯುದ್ಧನೌಕೆ ಅಲ್ಲ. ಅವ್ನ ಹಿಂದೆ ಬಿದ್ದ ನೌಕಾಪಡೆಯ ದೊಡ್ಡ ಹಡಗುಗಳಿಗೆ ಅಲ್ಲಿನ ಆಳ ಸಾಲ್ತಿರ್ಲಿಲ್ಲ, ಅದಕ್ಕೆ ಲೆಫ್ಟಿನೆಂಟ್ ರಾಬರ್ಟ್ ಮೇನಾರ್ಡ್ ಎರಡು ಸ್ಲೂಪ್ ತಗೊಂಡು ಹೋದ. ಗಾಳಿ ಸಾಲದೆ ಹುಟ್ಟು ಹಾಕಿದ್ರು, ಮರಳಿಗೆ ಸಿಕ್ಕಿಹಾಕ್ಕೊಂಡಾಗ ಭಾರ ಎತ್ತಿ ನೀರಿಗೆ ಎಸೆದ್ರು. ನಿಮಗೆ ಬೇಕಾದ ಎರಡು ಐಡಿಯಾನೂ ಅಲ್ಲೇ ಇದೆ, ಒಂದು ಹುಟ್ಟು, ಇನ್ನೊಂದು ಗ್ಯಾಲಿಯನ್ ಬರೋಕಾಗದ ತೆಳು ನೀರು. ಹುಟ್ಟಿಗೆ ಸೆಕೆಂಡಿಗೆ 2 ಮೀಟರ್ ಸಾಕು, ಹುಟ್ಟು ಹಾಕೋವಾಗ ಫಿರಂಗಿ ಮುಟ್ಟೋಕಾಗ್ಬಾರ್ದು, ಹಾಯಿ ಸ್ಪೀಡಿನ ಜೊತೆ ಕೂಡಿಸ್ಬೇಡಿ, ಎರಡರಲ್ಲಿ ಯಾವುದು ಜಾಸ್ತಿನೋ ಅದು ಮಾತ್ರ. ತೆಳು ನೀರನ್ನ ಮ್ಯಾಪಲ್ಲಿ ಬಣ್ಣದಲ್ಲಿ ಸರಿಯಾಗಿ ತೋರಿಸಿ, ಗ್ಯಾಲಿಯನ್ ಅಲ್ಲಿಗೆ ನುಗ್ಗಿದ್ರೆ ಒಡೆದು ಚೂರಾಗೋದು ಬೇಡ, ತಳ ಉಜ್ಜಿ ಅರ್ಧ ಸ್ಪೀಡಿಗೆ ಇಳಿದ್ರೆ ಸಾಕು.